ಐಸಿಸ್ ಅತ್ತ ದಂಡೆಯಲ್ಲಿ

ದೋಣಿ ಮಗುಚಿದಂದಿನಿಂದ ಅಕ್ಕ ತಂಗಿ ಇಬ್ಬರೂ ನೈಲ್ ನದಿಯ ದಂಡೆಯುದ್ದಕ್ಕೂ ಅಕ್ಕನ ಗಂಡನ ಹೆಣ ಹುಡುಕುತ್ತ ಅಲೆದರು. ಹಿಂದೆ ಐಸಿಸ್ ದೇವಿ ತನ್ನ ಗಂಡ ಒಸೈರಿಸನ ದೇಹವನ್ನು ಹುಡುಕಿದ್ದೂ ಇದೇ ದಂಡೆಯಲ್ಲಂತೆ. ಅವಳು ತಂಗಿಯ ಜೊತೆ ಕೂತು ಅತ್ತದ್ದರಿಂದಲೇ ಅವನಿಗೆ ಸತ್ತ ಮೇಲೂ ಬದುಕು ದಕ್ಕಿತಂತೆ. ಅಳುವವರಿಲ್ಲದ ಹೆಣಕ್ಕೆ ಪರಲೋಕದ ಬಾಗಿಲು ತೆರೆಯುವುದಿಲ್ಲ ಎಂಬುದು ಆ ನಾಡಿನವರ ನಂಬಿಕೆ. ಅಕ್ಕ ಮಾತ್ರ ಇನ್ನೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಹೆಣವೇ ಸಿಗದೆ ಯಾರ ಮುಂದೆ ಅಳುವುದು?

ಕೊನೆಗೊಂದು ಕಡೆ ಜೊಂಡಿನಲ್ಲಿ ಸಿಕ್ಕಿಕೊಂಡಿದ್ದ ಹೆಣವೊಂದನ್ನು ನದಿ ಕಾಯುವ ಕಾವಲುಗಾರ ದಡಕ್ಕೆಳೆದು ಹಾಕಿದ. ಮುಖವನ್ನು ಮೀನುಗಳು ತಿಂದಿದ್ದವು.

"ನಿನ್ನ ಗಂಡನೇನಮ್ಮಾ? ಬೇಗ ಹೇಳು. ದಿಕ್ಕಿಲ್ಲದ ಹೆಣ ಅಂದ್ರೆ ವಾಪಸ್ ನೀರಿಗೇ ನೂಕ್ತೀವಿ."

ತಂಗಿ ಹೆಣದ ಎಡಗೈ ನೋಡಿದಳು. ಬೆರಳುಗಳೆಲ್ಲ ಇದ್ದವು. ಭಾವನ ಕಿರುಬೆರಳು ಎಂದೋ ದೋಣಿಯ ಹಗ್ಗಕ್ಕೆ ಸಿಕ್ಕಿ ತುಂಡಾಗಿತ್ತು.

"ನನ್ನ ಗಂಡನೇ!" ಎಂದು ಚೀರಿ ಅಕ್ಕ ಆ ಹೆಣದ ಮೇಲೆ ಬಿದ್ದಳು. ತಲೆಗೆ ಮಣ್ಣು ಸುರಿದುಕೊಂಡು, ಎದೆ ಬಡಿದುಕೊಂಡು, ದಂಡೆಯೇ ನಡುಗುವಂತೆ ಅತ್ತಳು.

ಅಕ್ಕನಿಗೆ ತಲೆ ಕೆಟ್ಟಿತೆಂದು ತಂಗಿ ಹೆದರಿದಳು. ಕಾವಲುಗಾರನಿಗೆ ಕೇಳಿಸದಂತೆ ಬಗ್ಗಿ ಪಿಸುಗುಟ್ಟಿದಳು.

"ಅಕ್ಕಾ, ಕೈ ನೋಡೇ. ಇದು ಭಾವ ಅಲ್ಲ ಕಣೇ, ಇನ್ಯಾರೋ!"

"ನನಗೂ ಕಣ್ಣಿದೆ. ನೀನೂ ಕೂತ್ಕೊಂಡು ಅಳು. ಹೊಳೆ ನಿನ್ನ ಭಾವನ್ನ ಕೆಳಗಿನ ಊರುಗಳ ಕಡೆ ಎಳ್ಕೊಂಡು ಹೋಗಿರುತ್ತೆ. ಅಲ್ಲಿ ಯಾವಳಾದ್ರೂ ಒಬ್ಬಳು ಅವರನ್ನ ನೋಡಿ 'ನನ್ನ ಗಂಡನೇ' ಅನ್ಲಿ."