ಒಂದು ಸಲಾಮಿನ ಮದ್ದು

ಬಂದೂಕಿನ ಐವತ್ತನೆಯ ತೋಟಾಕ್ಕೆ ಮದ್ದು ಬೀಳಲಿಲ್ಲ. ದಸ್ತಗೀರ್ ಸಾಬ್ ಯಂತ್ರದ ಸೀಸೆಯನ್ನು ಎತ್ತಿ ನೋಡಿದರು. ಖಾಲಿ. ಬೆಳಿಗ್ಗೆ ತಾವೇ ಸರಿಯಾಗಿ ಐವತ್ತಕ್ಕೆ ತೂಗಿ ಹಾಕಿದ್ದ ಮದ್ದು. ಇದಕ್ಕೆ ಇಲ್ಲವೆಂದರೆ ಇನ್ನೊಂದಕ್ಕೆ ಎರಡು ಸಲ ಬಿದ್ದಿದೆ.

ರಾಯಚೂರಿನ ಆ ಬಂದೂಕಿನ ಅಂಗಡಿಯಲ್ಲಿ ಅವರೂ ತೋಟಾ ತುಂಬುವ ಯಂತ್ರವೂ ಜೊತೆಯಾಗಿ ಇಪ್ಪತ್ತು ವರ್ಷ ಸವೆದಿದ್ದರು. ದಿನಾ ಎಣ್ಣೆ ಬಿಟ್ಟು, ಕೋಳಿಗರಿಯಲ್ಲಿ ಮೂಲೆಮೂಲೆ ಒರೆಸಿ ಮಗುವಿನಂತೆ ನೋಡಿಕೊಂಡಿದ್ದರು. ಹಿಡಿಯನ್ನು ಪೂರ್ತಿ ಎಳೆದರೆ ಚಕ್ರ ತಿರುಗಿ ಮುಂದಿನ ತೋಟಾ ಮದ್ದಿನ ಕೆಳಗೆ ಬರುತ್ತದೆ. ನಡುವೆ ಕೈ ಬಿಟ್ಟರೆ ಚಕ್ರ ತಿರುಗುವುದಿಲ್ಲ. ಮತ್ತೆ ಎಳೆದಾಗ ಅದೇ ತೋಟಾಕ್ಕೆ ಇನ್ನೊಮ್ಮೆ ಮದ್ದು ಬೀಳುತ್ತದೆ. ಯಂತ್ರಕ್ಕೇನು ಗೊತ್ತು ಪಾಪ!

ತಟ್ಟೆಯಲ್ಲಿದ್ದ ಇಪ್ಪತ್ತನಾಲ್ಕನ್ನೂ ಒಂದೊಂದಾಗಿ ತೂಗಿದರು. ಎಲ್ಲವೂ ಒಂದೇ ತೂಕ. ಹಾಗಾದರೆ ಅದು ಬೆಳಿಗ್ಗೆ ಕವಿತಾಳದ ರೈತ ಹನುಮಂತ್ರಾಯ ಹೊಲದ ಹಂದಿ ಹೊಡೆಯಲೆಂದು ಒಯ್ದ ಇಪ್ಪತ್ತೈದರಲ್ಲಿದೆ. ಆಗ ನೆನಪಾಯಿತು. ಆತ ಬಾಗಿಲಲ್ಲಿ ನಿಂತು "ಸಲಾಂ ಮಾಮಾ" ಅಂದಿದ್ದ. ಅರ್ಧ ಎಳೆದ ಹಿಡಿಯ ಮೇಲಿದ್ದ ಬಲಗೈ ತಾನಾಗಿಯೇ ಹಣೆಗೆ ಹೋಗಿತ್ತು.

"ನಾಳಿ ಒಂದು ಕಾರ್ಡ್ ಬರದು ಹಾಕ್ರಿ," ಅಂದ ವಿಷಯ ಕೇಳಿದ ಅಂಗಡಿಯ ಮಾಲೀಕ ಜಹೀರುದ್ದೀನ್.

"ಕಾರ್ಡ್ ಮುಟ್ಟೂತನ ಹಂದಿ ಕಾಯ್ತಾವೇನು? ಎರಡರಷ್ಟು ಮದ್ದಿಗೆ ಬಂದೂಕಿನ ನಳಿಗಿ ಒಡದ್ರ ಅವನ ಕಣ್ಣು ಹೋಗ್ತಾವ."

"ಇಲ್ಲಿ ಕೆಲಸ ಯಾರು ಮಾಡ್ಬೇಕ್ರಿ?"

ದಸ್ತಗೀರ್ ಸಾಬ್ ಯಂತ್ರಕ್ಕೆ ಬಟ್ಟೆ ಮುಚ್ಚಿದರು. ಮೊಣಕಾಲು ಹಿಡಿದುಕೊಂಡೇ ಎದ್ದರು. ಬಸ್ಸಿನಲ್ಲಿ ಮಾನ್ವಿಯವರೆಗೆ ನಿಂತೇ ಹೋದರು. ಅಲ್ಲಿ ಬಸ್ಸು ಬದಲಿಸಿ ಕವಿತಾಳದಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ದಣಿವಿಗೆ ನಾಲಿಗೆ ಒಣಗಿತ್ತು.

ಮನೆ ಕೇಳಿಕೊಂಡು ಹೋದರೆ ಹನುಮಂತ್ರಾಯನ ಹೆಂಡತಿ ಬಂಡೆಮ್ಮ ಅಂಗಳ ಗುಡಿಸುತ್ತಿದ್ದಳು. "ಹೊಲಕ್ಕ ಹೋಗ್ಯಾರ್ರೀ. ಸೇಂಗಾದ ಬೆಳಿಯಾಗ ಹಂದಿ ಬಿದ್ದಾವ. ಕುಂದರ್ರಿ ಯಪ್ಪಾ, ನೀರು ತರ್ತೀನಿ."

"ಬಂದೂಕು ಒಯ್ದಾನೇನವ್ವಾ? ಯಾವ ಕಡಿ ಹೊಲ?"

ಆಕೆ ಕೈ ಎತ್ತಿ ತೋರಿಸುವಷ್ಟರಲ್ಲಿ ಹಳ್ಳದ ಆಚೆ ಢಂ ಎಂದಿತು.

ದಸ್ತಗೀರ್ ಸಾಬ್ ಕಟ್ಟೆಯ ಮೇಲೆ ಕುಸಿದರು. ಬಂಡೆಮ್ಮ ತಂದ ನೀರನ್ನು ಮುಟ್ಟಲೂ ಇಲ್ಲ. "ಯಾ ಅಲ್ಲಾ, ನನ್ನ ಕೈಯ ತಪ್ಪು ಅವನ ಕಣ್ಣಿಗೆ ಬೇಡ" ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಹೊಲದ ದಾರಿಯನ್ನೇ ನೋಡಿದರು.

ಬೆಳಕು ಪೂರ್ತಿ ಆರುವ ಮೊದಲು ಆ ದಾರಿಯಲ್ಲಿ ಒಬ್ಬ ಮನುಷ್ಯ ಕಾಣಿಸಿದ. ಹೆಗಲ ಮೇಲೆ ಬಂದೂಕು, ಬಗಲಲ್ಲಿ ತೋಟಾದ ಡಬ್ಬಿ, ಹತ್ತಿರ ಬಂದಂತೆ ಎರಡೂ ಕಣ್ಣು ನೆಟ್ಟಗೆ ಕಂಡವು. ದಸ್ತಗೀರ್ ಸಾಬರಿಗೆ ಹೋದ ಜೀವ ಬಂದಂತಾಯಿತು.

"ಹಾಳ್ ಹಂದಿ, ತಪ್ಪಿಸ್ಕೊಂತು ನೋಡು," ಎಂದು ಹೆಂಡತಿಗೆ ಹೇಳುತ್ತಲೇ ಬಂದ ಹನುಮಂತ್ರಾಯ, ಕಟ್ಟೆಯ ಮೇಲಿದ್ದವರನ್ನು ಕಂಡು ಬೆರಗಾದ. "ಅರೆ! ಸಲಾಂ ಮಾಮಾ!"

ದಸ್ತಗೀರ್ ಸಾಬರ ಬಲಗೈ ಎದ್ದಿತು. ಹಣೆಗೆ ಹೋಗಲಿಲ್ಲ. ಡಬ್ಬಿಯ ಕಡೆಗೆ ಚಾಚಿ ನಿಂತಿತು.

"ಮೊದ್ಲ ಅದನ್ನ ಕೊಡು, ತಮ್ಮಾ. ಸಲಾಂ ಆಮ್ಯಾಲ."