ಹಸು ಮೂಸಿದ ಹುಲ್ಲು

ಮಳೆ ಹಿಡಿದು ಕದಿರಮ್ಮನ ಮನೆ ಸುತ್ತ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಇದ್ದೊಂದು ಹಸುವಿಗೆ ಅದೇ ಮೇವು. ಮಗ ಓಬಳೇಶ ಮಡಕಶಿರದ ಅಂಗಡಿಯಿಂದ, ನೋಡಿ ಒಂದನ್ನು ಕೊಳ್ಳಲೆಂದು, ಹುಲ್ಲು ಕತ್ತರಿಸುವ ಎರಡು ಪೆಟ್ರೋಲ್ ಮಿಷನ್ ತಂದಿದ್ದ. ಒಂದು ಕೆಂಪು, ಒಂದು ಹಳದಿ. ಎರಡನ್ನೂ ಹುಲ್ಲಿನ ಮೇಲೆ ಒಂದೊಂದು ಸಾಲು ತಳ್ಳಿ ನಿಲ್ಲಿಸಿದ.

"ಕೆಂಪುದು ತಗಳಾನ ಕಣಮ್ಮ. ಹಗುರ ಐತೆ. ಪೆಟ್ರೋಲಿಗೆ ಒಂದೀಟು ಆಯಿಲ್ ಬೆರೆಸಿದ್ರಾತು."

"ತಳ್ಳೋನು ನೀನು ಹೇಳ್ದೆ. ತಿನ್ನೋಳನ್ನ ಕೇಳ್ದೇನಪ್ಪ?"

ಕದಿರಮ್ಮ ಎರಡೂ ಮಿಷನ್ನಿನ ಹಿಂದೆ ಕತ್ತರಿಸಿದ ಹುಲ್ಲು ತುಂಬಿದ್ದ ಚೀಲದಿಂದ ಒಂದೊಂದು ಹಿಡಿ ಹುಲ್ಲು ತೆಗೆದು ಹಸುವಿನ ಮುಂದಿಟ್ಟಳು. ಹಸು ಕೆಂಪು ಮಿಷನ್ನಿನದನ್ನು ಮೂಸಿ, ಸೀನಿ, ಮುಖ ತಿರುಗಿಸಿತು. ಹಳದಿಯದನ್ನು ನಿಧಾನವಾಗಿ ತಿಂದು ಮುಗಿಸಿ ಅವಳ ಅಂಗೈಯನ್ನೂ ನೆಕ್ಕಿತು.

ಓಬಳೇಶ ಕೆಂಪು ಮಿಷನ್ನಿನ ಆಯಿಲ್ ಹೊಗೆ ಹತ್ತಿದ ತನ್ನ ಕೈಯನ್ನು ಮೂಸಿಕೊಂಡ.

"ಅಂಗಡಿಯೋನು ಅಷ್ಟೊತ್ತು ಹೇಳಿದ, ಇದೊಂದು ಅವನ್ಗೂ ನನ್ಗೂ ಹೊಳೀಲಿಲ್ಲ ಕಣಮ್ಮ," ಎಂದು ಕೆಂಪು ಮಿಷನ್ನನ್ನು ಮತ್ತೆ ಆಟೋಗೆ ಏರಿಸಿದ.