ಮೇಲಿನ ಕಿಟಕಿಗೆ ಟೊಮೆಟೊ

ಹಣ್ಣಾದ ಚೆರ್ರಿ ಟೊಮೆಟೊ ತೊಟ್ಟು ಕಳಚಿದೊಡನೆ ಮೇಲಕ್ಕೆ ತೇಲಿಹೋಗುವ ಕಾಲವದು. ಧಾರವಾಡದ ಮನೆಮನೆಯಲ್ಲೂ ಗಿಡಗಳಿಗೆ ಬಲೆ ಕಟ್ಟುತ್ತಿದ್ದರು. ಮಂದಾಕಿನಿ ತನ್ನ ಅಂಗಳದ ಕುಂಡಗಳಿಗೆ ಹಳೆಯ ಸೊಳ್ಳೆಪರದೆ ಹೊದಿಸಿದ್ದಳು.

ಮೇಲಿನ ಮನೆಯ ಜುಲೇಖಾ ಒಣಹಾಕಿದ ಬಟ್ಟೆಯ ಸೋಪಿನ ನೀರು ಈ ಗಿಡಗಳ ಮೇಲೆ ಸೋರಿತೆಂದು ಜಗಳವಾಗಿ, ಬೇಸಿಗೆಯಿಂದ ಇಬ್ಬರ ನಡುವೆ ಮಾತಿರಲಿಲ್ಲ. ಈಗ ಜುಲೇಖಾ ಜ್ವರದಿಂದ ಮಲಗಿದ್ದಾಳೆ, ಬಾಯಿಗೆ ಏನೂ ಸೇರುತ್ತಿಲ್ಲ ಎಂದು ಹಾಲು ಹಾಕುವವಳು ಹೇಳಿದಳು. ಮೆಟ್ಟಿಲವರೆಗೆ ಹೋದ ಮಂದಾಕಿನಿ ಹೇಗೆ ಮಾತಾಡಿಸುವುದೆಂದು ತಿಳಿಯದೆ ಹಿಂದಿರುಗಿದಳು.

ಸಂಜೆಯ ಬಿಸಿಲು ಹೊಂಬಣ್ಣಕ್ಕೆ ತಿರುಗಿದಾಗ ಅವಳು ಪರದೆ ಸರಿಸಿ ಗಿಡವನ್ನು ಮೆಲ್ಲಗೆ ಅಲುಗಿಸಿದಳು. ಕೆಂಪು ಹಣ್ಣುಗಳು ಒಂದೊಂದಾಗಿ ಎದ್ದು, ನಿದ್ದೆಗಣ್ಣಿನಲ್ಲಿ ನಡೆಯುವವರಂತೆ ಗೋಡೆಗುಂಟ ಏರಿದವು. ಕೆಲವು ಬೇವಿನ ಕೊಂಬೆಗೆ ಸಿಕ್ಕಿಕೊಂಡವು, ಕೆಲವು ಮುಗಿಲಿಗೇ ಹೋದವು. ಆಗ ಮೇಲಿನ ಕಿಟಕಿಯಿಂದ ಬಳೆ ಸಡಿಲಾದ ಕೈಯೊಂದು ಚಾಚಿ ಒಂದನ್ನು ಹಿಡಿಯಿತು.

ಮಂದಾಕಿನಿ ಗಿಡ ಬಿಟ್ಟು ಕತ್ತೆತ್ತಿ ಕಿಟಕಿಯತ್ತ ನೋಡಿದಳು.

"ಹುಳಿ ಐತಿ, ಛಲೋ ಐತಿ," ಜುಲೇಖಾಳ ಸಣ್ಣ ದನಿ ಕೇಳಿತು. "ಒಂದೀಟು ಉಪ್ಪು ತಗೊಂಡು ಮ್ಯಾಲ ಬಾ, ಮಂದಾ."

"ಬಂದೆ ಆಪಾ! ಕಿಟಕಿ ಮುಚ್ಚಬ್ಯಾಡ್ರಿ, ಇನ್ನೂ ಬರಾಕ ಹತ್ಯಾವ!"